ತಿರಸ್ಕಾರದ ಪತ್ರ ಬಂದ ಮಾತ್ರಕ್ಕೆ ಗಡೀಪಾರಾಗುವುದಿಲ್ಲ

ಅಮೆರಿಕದ ಉದ್ಯಮದಲ್ಲಿ ಬಂಡವಾಳ ಹೂಡಿ ಹತ್ತು ಉದ್ಯೋಗ ಸೃಷ್ಟಿಸಿದವರಿಗೆ ಗ್ರೀನ್ ಕಾರ್ಡ್, ಅಂದರೆ ಕಾಯಂ ನಿವಾಸದ ಹಕ್ಕು, ಕೊಡುವ ಇಬಿ-5 ಯೋಜನೆಯಲ್ಲಿ ಹಣ ತೊಡಗಿಸಿದವರು ತಿರಸ್ಕಾರದ ಪತ್ರ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ತಿರಸ್ಕೃತವಾದದ್ದು ಹೂಡಿಕೆದಾರರಾಗಿ ಅರ್ಹತೆ ಕೋರಿ ಆರಂಭದಲ್ಲಿ ಸಲ್ಲಿಸಿದ ಐ-526 ಅರ್ಜಿಯೋ, ಎರಡು ವರ್ಷದ ಗ್ರೀನ್ ಕಾರ್ಡಿನ ಷರತ್ತು ತೆಗೆಸಲು ಸಲ್ಲಿಸಿದ ಐ-829 ಅರ್ಜಿಯೋ? ಹೋರಾಟದ ದಾರಿ ಈ ಉತ್ತರದಿಂದಲೇ ಕವಲೊಡೆಯುತ್ತದೆ.

ಐ-526 ತಿರಸ್ಕೃತವಾದರೂ ಎಚ್-1ಬಿ ಎಂಬ ಉದ್ಯೋಗ ವೀಸಾ ಚಾಲ್ತಿಯಲ್ಲಿದ್ದವರ ವಾಸಕ್ಕೆ ಅದರಿಂದ ಧಕ್ಕೆಯಿಲ್ಲ. ಆದರೆ ಇಬಿ-5ಕ್ಕೆ ತಂದ 2022ರ ಸುಧಾರಣಾ ಕಾಯ್ದೆಯ ನಂತರ ಹಲವರು ಗ್ರೀನ್ ಕಾರ್ಡಿನ ಅರ್ಜಿಯನ್ನೂ ಜೊತೆಗೇ ಸಲ್ಲಿಸಿ, ಅದನ್ನೇ ನಂಬಿ ಎಚ್-1ಬಿ ಕೈಬಿಟ್ಟಿದ್ದಾರೆ. ಅಂಥವರಿಗೆ ಕಾನೂನುಬದ್ಧ ಸ್ಥಾನಮಾನವೇ ಉಳಿಯುವುದಿಲ್ಲ, ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸ್ ಬರಬಹುದು. ಅಲ್ಲಿನ ನ್ಯಾಯಾಧೀಶರು ಐ-526 ತೀರ್ಮಾನವನ್ನು ಮರುಪರಿಶೀಲಿಸುವುದಿಲ್ಲವಾದ್ದರಿಂದ ವಲಸೆ ಇಲಾಖೆಯೊಳಗಿನ ಆಡಳಿತಾತ್ಮಕ ಮೇಲ್ಮನವಿ ಅಥವಾ ಫೆಡರಲ್ ಜಿಲ್ಲಾ ನ್ಯಾಯಾಲಯದ ಮೊರೆ ಹೋಗಬೇಕು.

ನಮ್ಮವರ ಕಡತ ಸೋಲುವುದು ಹೆಚ್ಚಾಗಿ ಹಣದ ಮೂಲವನ್ನು ದಾಖಲೆಯಿಂದ ತೋರಿಸುವಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದಾದ್ದರಿಂದ, ಕನಿಷ್ಠ 8 ಲಕ್ಷ ಡಾಲರ್ ಹೊಂದಿಸಲು ತಂದೆ, ತಾಯಿ, ಹೆಂಡತಿ ಎಲ್ಲರ ಖಾತೆಗಳೂ ಬೇಕಾಗುತ್ತವೆ. ಬೆಂಗಳೂರಿನ ನಿವೇಶನ ಮಾರಿ, ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ನಗದಾಗಿ ಪಡೆದಿದ್ದರೆ, ಆ ನಗದಿಗೆ ದಾಖಲೆ ಹುಟ್ಟಿಸುವುದು ಯಾವ ವಕೀಲರಿಗೂ ಸಾಧ್ಯವಿಲ್ಲ.

ಐ-829 ತಿರಸ್ಕಾರದ ಸಂಗತಿಯೇ ಬೇರೆ. ಅದರ ವಿರುದ್ಧ ಇಲಾಖೆಯೊಳಗೆ ಮೇಲ್ಮನವಿಯಿಲ್ಲ, ಆದರೆ ವಲಸೆ ನ್ಯಾಯಾಧೀಶರು ಅದನ್ನು ಪರಿಶೀಲಿಸಬಲ್ಲರು. ಅಲ್ಲಿ ಅರ್ಜಿಯಲ್ಲಿ ಹೇಳಿದ ಸಂಗತಿಗಳು ಸುಳ್ಳೆಂದು ಸಾಬೀತುಪಡಿಸುವ ಹೊಣೆಯನ್ನು ಕಾಯ್ದೆ ಸರ್ಕಾರದ ಮೇಲೆಯೇ ಹೊರಿಸಿದೆ. ಗಡೀಪಾರಿನ ಅಂತಿಮ ಆದೇಶ ಬರುವವರೆಗೆ ಹೂಡಿಕೆದಾರರ ಕಾಯಂ ನಿವಾಸಿ ಸ್ಥಾನ ಮುಂದುವರಿಯುತ್ತದೆ, ಅವರು ದುಡಿಯಬಹುದು, ಅದಕ್ಕೆ ಪುರಾವೆಯಾಗಿ ತಾತ್ಕಾಲಿಕ ಮುದ್ರೆಯನ್ನೂ ಪಡೆಯಬಹುದು. ಇದು ತಿಳಿಯದೆ, ಅವಮಾನವೆಂದು ಭಾವಿಸಿ ಮನೆ ಖಾಲಿ ಮಾಡಿ ಊರಿಗೆ ಹೊರಟ ಕುಟುಂಬಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೆಂಡತಿ ಮಕ್ಕಳ ಸ್ಥಾನವೂ ಅದೇ ಅರ್ಜಿಗೆ ಗಂಟುಬಿದ್ದಿರುತ್ತದೆ.

ವಿಚಾರಣೆಯನ್ನು ತಪ್ಪಿಸಿಕೊಳ್ಳಲೇಬಾರದು, ಏಕೆಂದರೆ ಗೈರುಹಾಜರಾದರೆ ನ್ಯಾಯಾಧೀಶರು ಹೊರಹಾಕುವ ಆದೇಶ ಹೊರಡಿಸಬಹುದು. ವಿಳಾಸ ಬದಲಾದರೆ ಐದು ದಿನಗಳೊಳಗೆ ನ್ಯಾಯಾಲಯಕ್ಕೆ ತಿಳಿಸಬೇಕು. ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಸಾಕ್ಷ್ಯ. ಹತ್ತು ಪೂರ್ಣಾವಧಿ ಉದ್ಯೋಗಗಳು ಸೃಷ್ಟಿಯಾದವೆಂದು ತೋರಿಸುವ ಸಂಬಳದ ಪಟ್ಟಿ, ತೆರಿಗೆ ದಾಖಲೆ, ಕಟ್ಟಡದ ಖರ್ಚಿನ ಲೆಕ್ಕ, ಇವೆಲ್ಲ ಇರುವುದು ಹೂಡಿಕೆದಾರರ ಬಳಿಯಲ್ಲ, ಅವರ ಹಣದಿಂದ ಕಟ್ಟಡ, ಉದ್ಯಮದ ಯೋಜನೆ ನಡೆಸುವವರ ಕೈಯಲ್ಲಿ. ಯೋಜನೆ ಮುಳುಗಿದರೆ ಮೊದಲು ಕಾಣೆಯಾಗುವುದೂ ಅವೇ. ಆದ್ದರಿಂದ ಕಾಮಗಾರಿ ನಿಂತ ಸುಳಿವು ಸಿಕ್ಕ ವಾರದಲ್ಲೇ ಅವುಗಳ ಪ್ರತಿಯನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನೂ ಬಾರದ ಉತ್ತರದ ದಿನಾಂಕವನ್ನೂ ಕಡತದಲ್ಲಿ ಸೇರಿಸಿಡಿ.