ಓದುಗರ ಪ್ರಶ್ನೆ: ಪ್ಯಾರಿಸ್‌ನಲ್ಲಿ ಫ್ಲ್ಯಾಟ್ ಬೆಲೆ ಇಳಿದಿದೆಯಂತೆ, ನಾವು ನೋಡಿದ ಬೀದಿಯಲ್ಲಿ ಯಾಕೆ ಇಳಿದಿಲ್ಲ?

ಪ್ರಶ್ನೆ: ಪ್ಯಾರಿಸ್‌ನ 18ನೇ ಅರೋಂದಿಸ್ಮಾಂನಲ್ಲಿ (ನಗರದ ಆಡಳಿತ ವಿಭಾಗ) 40 ಚದರ ಮೀಟರಿನ ಮನೆ ಹುಡುಕುತ್ತಿದ್ದೇವೆ. ಮಾಲೀಕರು ಕೇಳುವ ದರ ಸುದ್ದಿಯಲ್ಲಿ ಬರುವ ಸರಾಸರಿಗಿಂತ ಬಹಳ ಹೆಚ್ಚು. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಬೇಡಿ, ನೋಂದಣಿಯಾದ ಮಾರಾಟಗಳನ್ನು ನೋಡಿ.

ಇಳಿದಿರುವುದು ನಿಜ. 2020ರ ಕೊನೆಗೆ ಚದರ ಮೀಟರಿಗೆ ಸುಮಾರು 10,800 ಯೂರೋ ಇದ್ದ ನಗರದ ದರ 2024ರ ಹೊತ್ತಿಗೆ 9,500ರ ಆಸುಪಾಸಿಗೆ ಬಂತು. ಮುಖ್ಯ ಕಾರಣ ಸಾಲದ ಬಡ್ಡಿ ಏರಿದ್ದು. ಶೇ 1ರ ವಾರ್ಷಿಕ ಬಡ್ಡಿಯಲ್ಲಿ 25 ವರ್ಷದ 3,00,000 ಯೂರೋ ಸಾಲಕ್ಕೆ ತಿಂಗಳ ಕಂತು ಸುಮಾರು 1,131 ಯೂರೋ. ಬಡ್ಡಿ ಶೇ 4 ಆದರೆ ಅದೇ ಕಂತಿಗೆ ಸಿಗುವ ಸಾಲ 2,14,000 ಮಾತ್ರ. ಕಂತುಗಳು ಆದಾಯದ ಶೇ 35 ಮೀರಬಾರದೆಂಬ ನಿಯಮವಿರುವುದರಿಂದ ಬ್ಯಾಂಕುಗಳು ಸಾಲ ಹಿಗ್ಗಿಸಿ ಕೊಡುವ ಅವಕಾಶವೂ ಕಡಿಮೆ.

ಆದರೆ 18ನೆಯದಕ್ಕೆಂದು ಒಂದೇ ದರ ಹೇಳುವುದರಲ್ಲಿ ಅರ್ಥವಿಲ್ಲ. ಪ್ಯಾರಿಸ್‌ನ 20 ಅರೋಂದಿಸ್ಮಾಂಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಕಾರ್ತಿಯೆಗಳಿವೆ, ಅಂದರೆ ಬಡಾವಣೆಗಳು. 18ರಲ್ಲೇ ಮೊಂಮಾರ್ತ್ ಗುಡ್ಡದ ಅಬೆಸ್ ಸುತ್ತಮುತ್ತ ಒಂದು ಲೋಕ, ರೈಲು ಹಳಿಗಳ ಪಕ್ಕದ ಗೂತ್ ದೋರ್ ಮತ್ತು ಲಾ ಶಾಪೆಲ್ ಇನ್ನೊಂದು. ಇವನ್ನೆಲ್ಲ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆಗೆ ಯಾವ ಬೀದಿಯಲ್ಲೂ ಮನೆ ಸಿಗದು.

ಹಾಗಾಗಿ ನೋಂದಣಿಯಾದ ಮಾರಾಟಗಳ ಬೆಲೆ ತೋರಿಸುವ ಸರ್ಕಾರದ ಡಿವಿಎಫ್ ನಕ್ಷೆಯನ್ನು ಅಂತರಜಾಲದಲ್ಲಿ ತೆರೆಯಿರಿ. 2019ರಿಂದ ಎಲ್ಲರಿಗೂ ಉಚಿತ. ಕಳೆದ ಐದು ವರ್ಷಗಳ ಮಾರಾಟಗಳು ನಿವೇಶನವಾರು ಸಿಗುತ್ತವೆ. ನೋಡುತ್ತಿರುವ ಕಟ್ಟಡ ಮತ್ತು ಅದೇ ಬೀದಿಯ ನೆರೆಕಟ್ಟಡಗಳ ಮಾರಾಟಗಳನ್ನು ಬರೆದುಕೊಳ್ಳಿ, ತೀರಾ ಹೆಚ್ಚು, ತೀರಾ ಕಡಿಮೆ ಇರುವವನ್ನು ಬಿಟ್ಟು ನಡುವಿನ ದರ ಹಿಡಿಯಿರಿ. ಇಲ್ಲಿ ಜನ ಎಡವುವುದು ಹೀಗೆ. ಒಂದೇ ಕ್ರಯಪತ್ರದಲ್ಲಿ ಎರಡು ಫ್ಲ್ಯಾಟ್ ಮಾರಿದ್ದರೆ ಪೂರ್ತಿ ಮೊತ್ತ ಎರಡೂ ಸಾಲಿನಲ್ಲಿ ಕಾಣುತ್ತದೆ, ದರ ದುಪ್ಪಟ್ಟಾದಂತೆ ತೋರುತ್ತದೆ. ಪಾರ್ಕಿಂಗ್ ಸೇರಿದ ಮಾರಾಟವೂ ದರ ಉಬ್ಬಿಸುತ್ತದೆ. ಇನ್ನು, ಜಾಹೀರಾತಿನ ಬೆಲೆಯಲ್ಲಿ ಸಾಮಾನ್ಯವಾಗಿ ಏಜೆನ್ಸಿ ಕಮಿಷನ್ ಸೇರಿರುತ್ತದೆ. ಕಮಿಷನ್ ಕೊಳ್ಳುವವರ ಪಾಲಿನದಾಗಿದ್ದರೆ ಡಿವಿಎಫ್‌ನಲ್ಲಿ ಅದು ಇರುವುದಿಲ್ಲ. ಆ ಅಂತರವನ್ನೇ ಏರಿಕೆ ಎಂದು ಭ್ರಮಿಸಬೇಡಿ. ಪಟ್ಟಿ ಹೊಸದಾಗುವುದು ವರ್ಷಕ್ಕೆ ಎರಡೇ ಬಾರಿ. ಮೇಲಾಗಿ ಕರಾರಿನಿಂದ ಕ್ರಯಪತ್ರಕ್ಕೆ ಮೂರು ತಿಂಗಳು ಹಿಡಿಯುತ್ತದೆ. ನಿಮಗೆ ಕಾಣುವುದು ಹಳೆಯ ಚೌಕಾಶಿಯ ಫಲ.

ಅಳತೆಯ ವಿಷಯದಲ್ಲಿ ಬೆಂಗಳೂರಿನ ಸೂಪರ್ ಬಿಲ್ಟ್-ಅಪ್ ಲೆಕ್ಕ ಮರೆತುಬಿಡಿ. ಇಲ್ಲಿ ಕಾರೆ ಕಾಯ್ದೆಯ ಅಳತೆ: ಗೋಡೆ, ಬಾಲ್ಕನಿ, 1.80 ಮೀಟರಿಗಿಂತ ತಗ್ಗಾದ ಜಾಗ ಯಾವುದೂ ಸೇರುವುದಿಲ್ಲ. ಇಳಿಜಾರು ಚಾವಣಿಯ ಮೇಲಂತಸ್ತಿನ ಕೋಣೆಗಳ ಚದರ ಮೀಟರ್ ದರ ಅಸಹಜವಾಗಿ ಕಾಣಲು ಇದೇ ಕಾರಣ. ಅವನ್ನು ಹೋಲಿಕೆಯಿಂದ ಹೊರಗಿಡಿ.

ಬೀದಿ ಒಂದೇ ಆದರೂ ದರ ಬೇರೆಯಾಗುವುದು ಮಹಡಿಯಿಂದ. ಲಿಫ್ಟ್ ಇದ್ದರೆ ಐದನೇ ಮಹಡಿ ದುಬಾರಿ, ಇಲ್ಲದಿದ್ದರೆ ಅಗ್ಗ. ಅಂಗಳದ ಕಡೆಗಿನ ನೆಲಮಹಡಿ ಸಾಮಾನ್ಯವಾಗಿ ಅಗ್ಗ. ಈಗ ಚೌಕಾಶಿಗೆ ಹೆಚ್ಚು ಬಲ ಕೊಡುವುದು ಡಿಪಿಇ ಎಂಬ ಇಂಧನ ದರ್ಜೆ: 2025ರ ಜನವರಿಯಿಂದ ಅತಿ ಕೆಟ್ಟದಾದ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, 2028ರಿಂದ ಎಫ್, 2034ರಿಂದ ಇ. 40 ಚದರ ಮೀಟರಿನ ವರೆಗಿನ ಮನೆಗಳ ಲೆಕ್ಕವನ್ನು 2024ರ ಜುಲೈನಲ್ಲಿ ಸಡಿಲಿಸಿದ್ದರಿಂದ ಹಳೆಯ ಪ್ರಮಾಣಪತ್ರದ ಜಿ ಈಗ ಎಫ್ ಆಗಿರಬಹುದು. ಮಾರುವವರಿಗೆ ಇದು ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ.

ಬೆಲೆ ಹೇಳುವ ಮುನ್ನ ಮಾಲೀಕರ ಸಂಘದ ಕಳೆದ ಮೂರು ಸರ್ವಸಭೆಗಳ ನಡಾವಳಿ ಕೇಳಿ ಪಡೆಯಿರಿ. ಹೊರಗೋಡೆ ಅಥವಾ ಚಾವಣಿ ದುರಸ್ತಿಗೆ ಮಂಜೂರಾತಿ ಆಗಿದ್ದರೆ ಅದರಲ್ಲಿ ನಿಮ್ಮ ಪಾಲು ಎಷ್ಟೆಂದು ಲೆಕ್ಕ ಹಾಕಿ ಬೆಲೆಯಿಂದ ಕಳೆಯಿರಿ. ಹಳೆಯ ಮನೆಗೆ ನೋಟರಿ ಖರ್ಚು, ತೆರಿಗೆ ಎಂದು ಶೇ 7–8 ಬೇರೆ. ಕರಾರಿಗೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 10 ದಿನ ಇರುತ್ತದೆ. ಅಳತೆ ಹೇಳಿದ್ದಕ್ಕಿಂತ ಶೇ 5ಕ್ಕೂ ಹೆಚ್ಚು ಕಡಿಮೆ ಬಂದರೆ, ಕ್ರಯಪತ್ರವಾದ ಒಂದು ವರ್ಷದೊಳಗೆ ಆ ಪ್ರಮಾಣದ ಹಣ ವಾಪಸ್ ಕೇಳಬಹುದು.