ಸ್ನೋ-ಶೂರ್: ‘ಹಿಮಖಾತ್ರಿ’ ಎಂದರೆ ಯಾವ ಎತ್ತರಕ್ಕೆ, ಯಾವ ವಾರಕ್ಕೆ?

ಸ್ಕೀ ರೆಸಾರ್ಟ್‌ಗಳ ಜಾಹೀರಾತುಗಳಲ್ಲಿ ‘ಸ್ನೋ-ಶೂರ್’ ಎಂಬ ಮಾತು ಧಾರಾಳವಾಗಿ ಸಿಗುತ್ತದೆ. ಕನ್ನಡದಲ್ಲಿ ‘ಹಿಮಖಾತ್ರಿ’ ಎನ್ನಬಹುದು. ಆದರೆ ಖಾತ್ರಿ ಎಂದರೆ ಯಾರೋ ಹೊಣೆ ಹೊತ್ತಿದ್ದಾರೆ ಎಂದರ್ಥ; ಈ ಪದದ ಹಿಂದೆ ಅಂಥ ಹೊಣೆಗಾರರು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲರೂ ಒಪ್ಪಿದ ಅಳತೆಯಿಂದ ತೂಗಿ ಮುದ್ರೆಯೊತ್ತುವ ದರ್ಜೆಯಲ್ಲ ಇದು. ಸಮುದ್ರಮಟ್ಟದಿಂದ 800 ಮೀಟರ್ ಮೇಲಿರುವ ಊರೂ ತನ್ನನ್ನು ಹಾಗೆ ಕರೆದುಕೊಳ್ಳಬಹುದು, 2,300 ಮೀಟರಿನ ಊರೂ ಕರೆದುಕೊಳ್ಳಬಹುದು. ಜನವರಿ ಕೊನೆಗೆ ಹೋಗುವವರಿಗೆ ಈ ಸಡಿಲಿಕೆಯಿಂದ ದೊಡ್ಡ ನಷ್ಟವಿಲ್ಲ. ಈಸ್ಟರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವವರು ಮಾತ್ರ ಪದವನ್ನು ಬಿಡಿಸಿ ನೋಡಬೇಕಾಗುತ್ತದೆ.

ಹವಾಮಾನ ಮತ್ತು ಪ್ರವಾಸೋದ್ಯಮದ ಸಂಶೋಧಕರು ಬಳಸುವ ಒಂದು ಅಳತೆ ಇದೆ. ಅದಕ್ಕೆ ‘ನೂರು ದಿನಗಳ ನಿಯಮ’ ಎಂದು ಹೆಸರು. ಡಿಸೆಂಬರ್ 1ರಿಂದ ಏಪ್ರಿಲ್ 15ರ ನಡುವೆ ಕನಿಷ್ಠ 100 ದಿನ ನೆಲದ ಮೇಲೆ 30ರಿಂದ 50 ಸೆಂಟಿಮೀಟರ್ ಹಿಮ ಇರಬೇಕು. ಹತ್ತು ಚಳಿಗಾಲಗಳಲ್ಲಿ ಏಳರಲ್ಲಾದರೂ ಹೀಗಾಗಿರಬೇಕು. ಹಾಗಿದ್ದರೆ ಆ ಜಾಗದಲ್ಲಿ ಹಿಮವನ್ನು ನಂಬಬಹುದು ಎಂದು ಲೆಕ್ಕ. ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2007ರಲ್ಲಿ ಪ್ರಕಟಿಸಿದ ವರದಿ ಈ ಮಾದರಿಯ ಅಳತೆಯನ್ನೇ ಹಿಡಿದು ಆಲ್ಪ್ಸ್‌ನ 666 ಸ್ಕೀ ಪ್ರದೇಶಗಳನ್ನು ನೋಡಿತು. ಆಗಿನ ಹವೆಯಲ್ಲಿ 609 ಪಾಸಾದವು. ಉಷ್ಣತೆ ಒಂದು ಡಿಗ್ರಿ ಏರಿದರೆ 500, ಎರಡು ಏರಿದರೆ 404, ನಾಲ್ಕು ಏರಿದರೆ 202 ಮಾತ್ರ ಉಳಿಯುತ್ತವೆ ಎಂದು ಅದು ಅಂದಾಜಿಸಿತು. ಪ್ರತಿ ಒಂದು ಡಿಗ್ರಿಗೆ ನಂಬಬಹುದಾದ ಹಿಮದ ಗೆರೆ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ ಎಂಬುದು ಆ ಲೆಕ್ಕದ ಆಧಾರ.

ಒಳ್ಳೆಯ ಅಳತೆಯೇ. ಆದರೆ ಸೀಸನ್ ಕೊನೆಗೆ ಹೋಗುವವರ ಪಾಲಿಗೆ ಅದರಲ್ಲಿ ಒಂದು ದೊಡ್ಡ ತೂತಿದೆ. ಡಿಸೆಂಬರ್ 1ರಿಂದ ಏಪ್ರಿಲ್ 15ರವರೆಗೆ 136 ದಿನಗಳು. ಡಿಸೆಂಬರ್ ಮೊದಲ ದಿನದಿಂದ ಎಣಿಸಿದರೆ ನೂರನೇ ದಿನ ಮಾರ್ಚ್ 10ಕ್ಕೆ ಬೀಳುತ್ತದೆ. ಅಂದರೆ ಮಾರ್ಚ್ 11ಕ್ಕೆ ಪೂರ್ತಿ ಬೋಳಾಗುವ ಇಳಿಜಾರೂ ಈ ಪರೀಕ್ಷೆಯಲ್ಲಿ ಪಾಸು. ಮೇಲಾಗಿ ಹತ್ತರಲ್ಲಿ ಮೂರು ವರ್ಷ ನಪಾಸಾಗಲು ನಿಯಮದಲ್ಲೇ ಅವಕಾಶವಿದೆ. ಆದ್ದರಿಂದ ‘ಈ ರೆಸಾರ್ಟ್‌ನಲ್ಲಿ ಹಿಮ ಖಾತ್ರಿಯೇ?’ ಎಂಬ ಪ್ರಶ್ನೆಗೆ ತಾರೀಖು ಸೇರಿಸದೆ ಅರ್ಥವಿಲ್ಲ. ಈಸ್ಟರ್ ಭಾನುವಾರವೇ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. 2024ರಲ್ಲಿ ಮಾರ್ಚ್ 31ಕ್ಕೆ ಬಂದ ಹಬ್ಬ 2025ರಲ್ಲಿ ಬಂದದ್ದು ಏಪ್ರಿಲ್ 20ಕ್ಕೆ. ವಸಂತದ ಮೂರು ವಾರವೆಂದರೆ ಹಿಮಕ್ಕೆ ಬಹಳ ದೀರ್ಘ ಕಾಲ. ಮೊದಲನೆಯ ವರ್ಷಕ್ಕೆ ಹೊಂದಿದ ಊರು ಎರಡನೆಯ ವರ್ಷಕ್ಕೆ ಹೊಂದಬೇಕೆಂದಿಲ್ಲ.

ಯಾವ ಎತ್ತರ?

ಕೊನೆಯ ವಾರಗಳ ಹಿಮಕ್ಕೆ ಮೊದಲ ಆಸರೆ ಎತ್ತರವೇ. 100 ಮೀಟರ್ ಏರಿದರೆ ಗಾಳಿ ಸರಾಸರಿ 0.65 ಡಿಗ್ರಿ ತಣ್ಣಗಾಗುತ್ತದೆ. 1,000 ಮೀಟರಿನ ಊರಲ್ಲಿ ಮಧ್ಯಾಹ್ನ 9 ಡಿಗ್ರಿ ಇದ್ದರೆ 2,300 ಮೀಟರಿನಲ್ಲಿ ಸೊನ್ನೆಯ ಆಸುಪಾಸು. ಕೆಳಗೆ ಮಳೆಯಾಗಿ ಸುರಿಯುವ ಮೋಡವೇ ಮೇಲೆ ಹಿಮವಾಗಿ ಬೀಳುತ್ತದೆ. ಮಳೆ ಬಿದ್ದ ಕಡೆ ಹೊಸ ಹಿಮ ಸೇರುವುದಿಲ್ಲ ಎಂಬುದಷ್ಟೇ ತೊಂದರೆಯಲ್ಲ, ಇದ್ದ ಹಿಮವೂ ನೀರು ಕುಡಿದು ಕುಸಿಯುತ್ತದೆ.

ಆದರೆ ಒಂದು ರೆಸಾರ್ಟ್‌ಗೆ ಒಂದೇ ಎತ್ತರವಿಲ್ಲ. ಕನಿಷ್ಠ ಮೂರು ಇವೆ: ತುದಿಯ ಲಿಫ್ಟ್‌ನದು (ಲಿಫ್ಟ್ ಎಂದರೆ ಸ್ಕೀ ಮಾಡುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ತಂತಿದಾರಿ), ಊರಿನದು, ಇಳಿಜಾರುಗಳ ಬಹುಪಾಲು ಹರಡಿರುವ ಮಟ್ಟದ್ದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೊದಲನೆಯದು, ಕುಟುಂಬಕ್ಕೆ ಕೆಲಸಕ್ಕೆ ಬರುವುದು ಮೂರನೆಯದು. ಸ್ವಿಟ್ಜರ್ಲೆಂಡಿನ ಜರ್ಮಾಟ್‌ನ ಮೇಲಿನ ನಿಲ್ದಾಣ 3,883 ಮೀಟರಿನಲ್ಲಿದೆ, ಊರಿರುವುದು 1,620ರಲ್ಲಿ. ಅಲ್ಲಿನ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ಮಾಡುತ್ತಾರೆ. ಹಾಗೆಂದು ಏಪ್ರಿಲ್ ಮಧ್ಯದಲ್ಲಿ ಊರಿನವರೆಗೂ ಜಾರಿ ಬರಬಹುದೆಂದು ಅರ್ಥವಲ್ಲ. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಹೆಸರಾಂತ ಊರು, ಆದರೆ ಸುಮಾರು 760 ಮೀಟರಿನಲ್ಲಿ ಶುರುವಾಗಿ 2,000ದ ಹತ್ತಿರ ಮುಗಿಯುತ್ತದೆ. ಅಲ್ಲಿ ಏಪ್ರಿಲ್ ಎಂದರೆ ಅದೃಷ್ಟದ ಮಾತು. ಫ್ರಾನ್ಸಿನ ವಾಲ್ ತೊರಾನ್ಸ್ ಊರೇ 2,300 ಮೀಟರಿನಲ್ಲಿದೆ. ಟೀನ್ಯ್‌ನ ಮುಖ್ಯ ಭಾಗಗಳು 2,100ರಲ್ಲಿವೆ, ಆದರೆ ಅದೇ ಹೆಸರಿನಡಿ ಬರುವ ಲೆ ಬ್ರೆವಿಯೆರ್ ಹಳ್ಳಿ 1,550ರಲ್ಲಿದೆ. ಕೋಣೆ ಕಾಯ್ದಿರಿಸುವಾಗ ಯಾವ ಭಾಗವೆಂದು ಕೇಳಿಕೊಳ್ಳಬೇಕು. ಇಟಲಿಯ ಚೆರ್ವಿನಿಯಾ 2,050, ಆಸ್ಟ್ರಿಯಾದ ಓಬರ್‌ಗುರ್ಗಲ್ 1,930. ಆಲ್ಪ್ಸ್‌ನಲ್ಲಿ ಏಪ್ರಿಲ್ ಎರಡನೇ ವಾರ ಅಥವಾ ಆಮೇಲೆ ಹೋಗುವುದಾದರೆ ಊರು 1,800 ಮೀಟರಿಗಿಂತ ಮೇಲಿರಲಿ, ಅರ್ಧಕ್ಕಿಂತ ಹೆಚ್ಚು ಇಳಿಜಾರುಗಳು 2,000 ದಾಟಿರಲಿ ಎಂಬುದು ನಮ್ಮ ಸಲಹೆ.

ಎತ್ತರದ ಈ ಲೆಕ್ಕವನ್ನು ಆಲ್ಪ್ಸ್‌ನಿಂದ ಕಿತ್ತು ಬೇರೆಡೆ ನೆಡಲಾಗದು. ಸ್ವೀಡನ್ನಿನ ರಿಕ್ಸ್‌ಗ್ರೆನ್ಸನ್ ಆರ್ಕ್‌ಟಿಕ್ ವೃತ್ತದಾಚೆ ಇರುವುದರಿಂದ ಬರೀ 500 ಮೀಟರಿನಷ್ಟು ಎತ್ತರದಲ್ಲೇ ಮೇ ತಿಂಗಳವರೆಗೂ ಲಿಫ್ಟ್ ಓಡಿಸುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಅರಾಪಹೋ ಬೇಸಿನ್‌ನ ತಳವೇ 3,286 ಮೀಟರಿನಲ್ಲಿದೆ. ಎಲ್ಲಕ್ಕಿಂತ ವಿಚಿತ್ರ ಜಪಾನಿನ ಗಸ್ಸಾನ್: ಚಳಿಗಾಲದಲ್ಲಿ ಹಿಮ ಅತಿಯಾಗಿ ಬಿದ್ದು ದಾರಿಯೇ ಮುಚ್ಚಿಹೋಗುವುದರಿಂದ ಬಾಗಿಲು ತೆರೆಯುವುದೇ ಏಪ್ರಿಲ್‌ನಲ್ಲಿ.

ಎಷ್ಟು ಹಿಮ ಬೇಕೆಂಬುದು ಅಡಿಯ ನೆಲದ ಮೇಲೂ ನಿಂತಿದೆ. ಹುಲ್ಲುಗಾವಲಾದರೆ 30 ಸೆಂಟಿಮೀಟರ್ ಗಟ್ಟಿ ಹಿಮ ಸಾಕು. ಬಂಡೆಗಲ್ಲಿನ ಇಳಿಜಾರಿಗೆ ಒಂದು ಮೀಟರ್ ಇದ್ದರೂ ಅಲ್ಲಲ್ಲಿ ಕಲ್ಲು ತಲೆಯೆತ್ತಿ ಸ್ಕೀಯ ಅಡಿ ಕೆರೆಯುತ್ತದೆ.

ರಾತ್ರಿ ಹೆಪ್ಪುಗಟ್ಟಿತೇ?

ಚಳಿಗಾಲದ ನಡುವೆ ಎಲ್ಲರೂ ಕೇಳುವುದು ‘ಹೊಸ ಹಿಮ ಎಷ್ಟು ಬಿತ್ತು?’ ಎಂದು. ಏಪ್ರಿಲ್‌ನಲ್ಲಿ ಕೇಳಬೇಕಾದ್ದು ‘ರಾತ್ರಿ ಆಕಾಶ ತಿಳಿಯಾಗಿತ್ತೇ?’ ಎಂದು. ಮೋಡವಿಲ್ಲದ ರಾತ್ರಿ ಹಿಮದ ಮೈ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಹೊದಿಕೆ ಹೊದಿಸಿದ ಹಾಗೆ, ಶಾಖ ಹೊರಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಎಂಟು ಗಂಟೆಗೇ ಹಿಮ ರಾಡಿಯಾಗಿರುತ್ತದೆ. ಮೋಡದ ರಾತ್ರಿಯಾದ ಮೇಲೆ ಇನ್ನೂ ಎತ್ತರಕ್ಕೆ ಹೋಗುವುದೊಂದೇ ದಾರಿ.

ಚೆನ್ನಾಗಿ ಹೆಪ್ಪುಗಟ್ಟಿದ ದಿನಕ್ಕೆ ತನ್ನದೇ ವೇಳಾಪಟ್ಟಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಕಲ್ಲಿನಂತೆ ಗಟ್ಟಿ, ಉಬ್ಬುತಗ್ಗು ಹೆಪ್ಪುಗಟ್ಟಿ ಹಲ್ಲು ಕಡಿಸುವಂತಿರುತ್ತದೆ. ಕಲಿಯುತ್ತಿರುವ ಮಕ್ಕಳಿಗೆ ಇದು ಸಂಜೆಯ ರಾಡಿಗಿಂತ ಕೆಟ್ಟದ್ದು. ಹತ್ತರಿಂದ ಹನ್ನೆರಡರವರೆಗೆ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಕರಗಿ ಹರಳುಪ್ಪಿನಂಥ ಕಾಳುಕಾಳಾಗುತ್ತದೆ. ಇದನ್ನೇ ‘ಕಾರ್ನ್ ಸ್ನೋ’ ಎನ್ನುವುದು. ಸ್ಕೀ ಇದರಲ್ಲಿ ಸರಾಗವಾಗಿ ತಿರುಗುತ್ತದೆ, ಬಿದ್ದರೂ ನೋವಾಗುವುದಿಲ್ಲ. ವಸಂತದ ಸ್ಕೀಗೆ ಮರುಳಾದವರೆಲ್ಲ ಈ ಎರಡು ಗಂಟೆಗೇ ಮರುಳಾದವರು. ಮಧ್ಯಾಹ್ನ ಎರಡರ ಹೊತ್ತಿಗೆ ಹಿಮ ಭಾರವಾಗಿ ಕಾಲನ್ನು ಹಿಡಿದೆಳೆಯುತ್ತದೆ. ದಣಿದ ಮಕ್ಕಳ ಮಂಡಿ ತಿರುಚಿಕೊಳ್ಳುವ ಹೊತ್ತು ಅದು. ಕಡಿದಾದ ಜಾಗಗಳಲ್ಲಿ ಒದ್ದೆ ಹಿಮ ಕುಸಿಯುವ ಭಯದಿಂದ ಕೆಲವು ದಾರಿಗಳನ್ನು ಮುಚ್ಚುವುದೂ ಮಧ್ಯಾಹ್ನದ ಮೇಲೇ.

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಈ ವೇಳಾಪಟ್ಟಿಯನ್ನು ಹಿಂದೆ ಮುಂದೆ ಸರಿಸುತ್ತದೆ. ಉತ್ತರ ಗೋಲಾರ್ಧದಲ್ಲಿ ಪೂರ್ವದ ಮೈ ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ್ದು ಕೊನೆಗೆ, ಉತ್ತರದ್ದು ದಿನವಿಡೀ ತಡೆದುಕೊಳ್ಳುತ್ತದೆ. ಬೆಳಿಗ್ಗೆ ಪೂರ್ವದಲ್ಲಿ ಶುರುಮಾಡಿ ಮಧ್ಯಾಹ್ನ ಉತ್ತರ ಅಥವಾ ಪಶ್ಚಿಮಕ್ಕೆ ಸರಿಯುವವರಿಗೆ ಅದೇ ದಿನದಲ್ಲಿ ಒಳ್ಳೆಯ ಹಿಮ ಎರಡು ಪಟ್ಟು ಹೊತ್ತು ಸಿಗುತ್ತದೆ. ಏಪ್ರಿಲ್ 10ರ ಸೂರ್ಯ ಸೆಪ್ಟೆಂಬರ್ ಮೊದಲ ವಾರದ ಸೂರ್ಯನಷ್ಟೇ ಮೇಲೇರುತ್ತಾನೆ ಎಂಬುದನ್ನು ನೆನೆದರೆ ದಕ್ಷಿಣದ ಇಳಿಜಾರುಗಳ ಗತಿ ತಾನಾಗಿ ತಿಳಿಯುತ್ತದೆ. ‘ಬಿಸಿಲು ಚೆಲ್ಲುವ ತಪ್ಪಲು’ ಎಂದು ಹೊಗಳಿಕೊಳ್ಳುವ ಊರು ಫೆಬ್ರವರಿಗೆ ಹಿತ, ಏಪ್ರಿಲ್‌ಗೆ ಅಲ್ಲ. ಹಳೆಯ ಹಿಮ ಕೊಳೆಯಾದಷ್ಟೂ ಬೇಗ ಕರಗುತ್ತದೆ: ಹೊಸ ಹಿಮ ಬಿಸಿಲಿನ ಶೇ. 80ರಷ್ಟನ್ನು ಹಿಂದಕ್ಕೆಸೆದರೆ ಒದ್ದೆಯಾದ ಹಳೆಯ ಹಿಮ ಅದರ ಅರ್ಧದಷ್ಟನ್ನೇ ಎಸೆಯುವುದು. 2021ರ ಫೆಬ್ರವರಿಯಲ್ಲಿ ಸಹಾರಾದ ಧೂಳು ಬಂದು ಆಲ್ಪ್ಸ್ ಕಂದುಬಣ್ಣಕ್ಕೆ ತಿರುಗಿತ್ತು. ಅಂಥ ಪದರ ಮೇಲೆ ಬಂದು ಕೂತರೆ ಕರಗುವ ವೇಗ ಹೆಚ್ಚುತ್ತದೆ.

‘ನೂರಾರು ಹಿಮಯಂತ್ರಗಳಿವೆ’ ಎಂಬ ಸಮಾಧಾನಕ್ಕೆ ಈ ಕಾಲದಲ್ಲಿ ಹೆಚ್ಚು ಬೆಲೆಯಿಲ್ಲ. ಯಂತ್ರ ಹಿಮ ಉಗುಳಬೇಕಾದರೆ ‘ವೆಟ್ ಬಲ್ಬ್’ ಉಷ್ಣತೆ, ಅಂದರೆ ಗಾಳಿಯ ತೇವವನ್ನೂ ಲೆಕ್ಕ ಹಿಡಿದ ಉಷ್ಣತೆ, ಮೈನಸ್ 2ರಿಂದ 3 ಡಿಗ್ರಿಗೆ ಇಳಿಯಬೇಕು. ಗಾಳಿ ಒಣಗಿದ್ದರೆ ಸೊನ್ನೆ ಡಿಗ್ರಿಯಲ್ಲೂ ಕೆಲಸ ನಡೆದೀತು, ತೇವವಾಗಿದ್ದರೆ ಮೈನಸ್ ಒಂದರಲ್ಲೂ ಇಲ್ಲ. ವಸಂತದ ರಾತ್ರಿಗಳಲ್ಲಿ ಅಂಥ ಗಂಟೆಗಳು ಬೆರಳೆಣಿಕೆಯವು. ಯಂತ್ರದ ಹಿಮ ಪ್ರಯೋಜನಕ್ಕೆ ಬರುವುದು ಡಿಸೆಂಬರ್‌, ಜನವರಿಯಲ್ಲೇ ಮಾಡಿ ತುಳಿದು ಗಟ್ಟಿ ಮಾಡಿಟ್ಟಿದ್ದರೆ: ಅದು ಆಗತಾನೇ ಬಿದ್ದ ಹಿಮಕ್ಕಿಂತ ನಾಲ್ಕೈದು ಪಟ್ಟು ಸಾಂದ್ರ, ನಿಧಾನವಾಗಿ ಕರಗುತ್ತದೆ. ಸುತ್ತಲೂ ಹಸಿರು ಗುಡ್ಡ, ನಡುವೆ ಬಿಳಿಯ ಪಟ್ಟಿಯೊಂದು ಎಂಬ ಚಿತ್ರ ಕಂಡರೆ ಅದು ಆ ಹಳೆಯ ದಾಸ್ತಾನು.

ಮಕ್ಕಳ ಇಳಿಜಾರು ಎಲ್ಲಿದೆ?

ಹೆಚ್ಚಿನವರು ಎಡವುವುದು ಇಲ್ಲೇ. ಬಹಳ ರೆಸಾರ್ಟ್‌ಗಳಲ್ಲಿ ಕಲಿಯುವವರ ಮೈದಾನ ಇರುವುದು ಊರ ಅಂಚಿನಲ್ಲಿ, ಅಂದರೆ ಅತ್ಯಂತ ಕೆಳಗಿನ, ಅತ್ಯಂತ ಬಿಸಿಲಿನ, ಅತ್ಯಂತ ಚಪ್ಪಟೆ ಜಾಗದಲ್ಲಿ. ಮೊದಲು ಬೋಳಾಗುವುದೂ ಅದೇ. ಮೇಲೆ 3,000 ಮೀಟರಿನಲ್ಲಿ ಎರಡು ಮೀಟರ್ ಹಿಮವಿದ್ದು, ಆರು ವರ್ಷದ ಮಗು ಮಾತ್ರ ಕಂದು ಹುಲ್ಲಿನ ನಡುವಿನ ತೇಪೆಯ ಮೇಲೆ ಸುತ್ತು ಹಾಕುತ್ತಿದ್ದರೆ ಆ ಖಾತ್ರಿ ಯಾರಿಗೆ? ಆದ್ದರಿಂದ ನಕ್ಷೆ ತೆಗೆದು ಸುಲಭದ ಇಳಿಜಾರುಗಳನ್ನು ಮಾತ್ರ ಹುಡುಕಬೇಕು. ಫ್ರಾನ್ಸಿನಲ್ಲಿ ಅವು ಹಸಿರು ಮತ್ತು ನೀಲಿ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹೆಚ್ಚಾಗಿ ನೀಲಿಯಿಂದಲೇ ಶುರು. ಅವುಗಳ ತಳದ ಎತ್ತರ ಎಷ್ಟು, ಕೆಳಗಿನ ಮೈದಾನ ಮುಚ್ಚಿದರೆ ಸ್ಕೀ ಶಾಲೆ ಮಕ್ಕಳನ್ನು ಮೇಲೆ ಕರೆದೊಯ್ಯುತ್ತದೆಯೇ, ಆ ಮೇಲಿನ ಜಾಗಕ್ಕೆ ಸಣ್ಣವರಿಗೂ ಲಿಫ್ಟ್ ಟಿಕೆಟ್ ಬೇಕೇ ಎಂಬುದನ್ನು ಶಾಲೆಗೇ ಬರೆದು ಕೇಳಬಹುದು. ಶಾಲೆಯ ಕೊನೆಯ ದಿನವನ್ನೂ ಕೇಳಿ. ಲಿಫ್ಟ್‌ಗಳು ನಡೆಯುತ್ತಿದ್ದರೂ ಮಕ್ಕಳ ಗುಂಪು ತರಗತಿಗಳು ಅದಕ್ಕೂ ಮೊದಲೇ ನಿಲ್ಲುವುದುಂಟು.

ಊರಿಗೆ ಇಳಿಯುವ ಕೊನೆಯ ದಾರಿ ಮುಚ್ಚಿದ್ದರೆ ಗಂಡೋಲದಲ್ಲಿ, ಅಂದರೆ ತಂತಿಗೆ ತೂಗುವ ಮುಚ್ಚಿದ ಡಬ್ಬಿಯಲ್ಲಿ, ಇಳಿಯಬೇಕು. ಇದು ಸೋಲೇನಲ್ಲ, ರಾಡಿಯಲ್ಲಿ ಮಕ್ಕಳನ್ನು ಇಳಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ನಾಲ್ಕು ಗಂಟೆಗೆ ಎಲ್ಲರೂ ಅಲ್ಲೇ ಸಾಲು ನಿಲ್ಲುತ್ತಾರೆ, ಮೂರಕ್ಕೇ ಹೊರಡಿ. ಚೇರ್‌ಲಿಫ್ಟ್‌ಗಳಲ್ಲಿ ಕೆಲವು ಕೆಳಮುಖವಾಗಿ ಜನರನ್ನು ಒಯ್ಯುವುದಿಲ್ಲ ಎಂಬುದೂ ಗೊತ್ತಿರಲಿ.

ಹಾಗಾದರೆ ನೇರ ಹಿಮನದಿಗೇ ಹೋದರಾಗದೇ? ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಂಥ ಕಡೆ 3,250 ಮೀಟರಿನವರೆಗೆ ಹಿಮ ಸಿಗುವುದು ನಿಜ. ಆದರೆ ಹಿಮನದಿ ನಿಧಾನವಾಗಿ ಚಲಿಸುವ ಮಂಜುಗಡ್ಡೆ; ಅದರ ಮೇಲೆ ದೊಡ್ಡ ಕಂಬ ನೆಡುವುದು ಕಷ್ಟವಾದ್ದರಿಂದ ಹಲವೆಡೆ ಸ್ಕೀ ಮೇಲೆ ನಿಂತವರನ್ನು ಸೊಂಟದ ಕೆಳಗೆ ಹಿಂದಿನಿಂದ ಅಡ್ಡಪಟ್ಟಿ ಕೊಟ್ಟು ಎಳೆಯುವ ಟಿ-ಬಾರ್‌ಗಳೇ ಇರುತ್ತವೆ. ದೊಡ್ಡವರೂ ಪುಟ್ಟ ಮಕ್ಕಳೂ ಜೋಡಿಯಾಗಿ ಹತ್ತಿದರೆ ಆ ಪಟ್ಟಿ ಒಬ್ಬರಿಗೆ ಮಂಡಿಗೆ, ಇನ್ನೊಬ್ಬರಿಗೆ ಬೆನ್ನಿಗೆ ಬರುತ್ತದೆ. ಗಾಳಿ ಜೋರಾದ ದಿನ ಎತ್ತರದ ಲಿಫ್ಟ್‌ಗಳು ನಿಲ್ಲುತ್ತವೆ. ಮರಗಳ ಸಾಲು ದಾಟಿದ ಆ ಬಯಲಿನಲ್ಲಿ ಮೋಡ ಇಳಿದರೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಕೆಳಗೆ ಮರಗಳ ನಡುವೆಯೂ ಒಂದೆರಡು ಇಳಿಜಾರು ತೆರೆದಿರುವ ಊರು ಅಂಥ ದಿನ ಕೈಹಿಡಿಯುತ್ತದೆ. 2,300 ಮೀಟರಿನಲ್ಲಿ ಮಲಗುವ ಮಕ್ಕಳಿಗೆ ಮೊದಲ ಒಂದೆರಡು ರಾತ್ರಿ ತಲೆನೋವು, ನಿದ್ದೆಗೇಡು ಬರಬಹುದು. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳ ತೀವ್ರತೆ ಶೇ. 10ರಷ್ಟು ಏರುತ್ತದೆ, ಹಿಮದಿಂದ ಪ್ರತಿಫಲಿಸಿ ಗದ್ದದಡಿಯಿಂದಲೂ ಸುಡುತ್ತದೆ. ಸನ್‌ಸ್ಕ್ರೀನನ್ನು ಮೂಗಿನ ಕೆಳಗೂ ಹಚ್ಚಬೇಕು.

ಕಾಯ್ದಿರಿಸುವ ಮುನ್ನ

ಹಿಮದ ವರದಿಯಲ್ಲಿ ಎರಡು ಅಂಕಿ ಇರುತ್ತವೆ, ತುದಿಯದು ಮತ್ತು ತಳದ್ದು. ತುದಿಯ 250 ಸೆಂಟಿಮೀಟರ್ ನೋಡಿ ಹಿಗ್ಗಬೇಡಿ. ಅಳೆದದ್ದು ಒಂದೇ ಕಡೆ, ಅದೂ ಗಾಳಿ ಹಿಮ ತಂದು ಗುಡ್ಡೆ ಹಾಕಿದ ಜಾಗವಿರಬಹುದು. ತಳದ ಅಂಕಿ 20ಕ್ಕಿಂತ ಕಡಿಮೆಯಿದ್ದು ನೀವು ಹೋಗುವುದು ಎರಡು ವಾರದ ಬಳಿಕವಾದರೆ ಊರಿನ ದಾರಿ ಮುಚ್ಚಿದೆ ಎಂದೇ ಲೆಕ್ಕ ಹಾಕಿ. ಇದಕ್ಕಿಂತ ನಂಬಿಕೆಯದ್ದು ಹಿಂದಿನ ವರ್ಷಗಳ ವೆಬ್‌ಕ್ಯಾಮ್ ಸಂಗ್ರಹ: ನೀವು ಹೋಗುವ ಅದೇ ವಾರದ ನಾಲ್ಕೈದು ವರ್ಷಗಳ ಚಿತ್ರಗಳನ್ನು ಮಧ್ಯಾಹ್ನ ಮೂರರ ಹೊತ್ತಿನವೇ ಆರಿಸಿ ನೋಡಿ. ಸೀಸನ್ ಮುಗಿಯುವ ತಾರೀಖು ಕೇಳುವಾಗ ‘ಮೊದಲ ಲಿಫ್ಟ್ ಮುಚ್ಚುವುದು ಯಾವಾಗ’ ಎಂದು ಕೇಳಿ. ‘ಮೇ 3ರವರೆಗೆ ತೆರೆದಿದೆ’ ಎಂಬುದು ಮೇಲಿನ ಎರಡೇ ಲಿಫ್ಟ್‌ಗಳ ಮಾತಾಗಿರಬಹುದು, ಪಕ್ಕದ ಕಣಿವೆಗೆ ದಾಟಿಸುವ ಲಿಫ್ಟ್ ಎರಡು ವಾರ ಮೊದಲೇ ನಿಂತಿರುತ್ತದೆ.

ಕೆಲವು ಪ್ರವಾಸ ಸಂಸ್ಥೆಗಳು, ಹೋಟೆಲುಗಳು ‘ಹಿಮದ ಗ್ಯಾರಂಟಿ’ ಎಂದು ಬರವಣಿಗೆಯಲ್ಲೇ ಕೊಡುತ್ತವೆ. ಓದಬೇಕಾದ್ದು ಅದರ ಷರತ್ತುಗಳನ್ನು. ಎಷ್ಟು ಲಿಫ್ಟ್ ಮುಚ್ಚಿದರೆ ಅನ್ವಯ, ಹಣ ಮರಳುತ್ತದೆಯೋ ಅಥವಾ ಎತ್ತರದ ಬೇರೆ ಊರಿಗೆ ಬಸ್ ಕೊಡುತ್ತಾರೋ, ಗಾಳಿಯಿಂದ ಮುಚ್ಚಿದ್ದು ಲೆಕ್ಕಕ್ಕೆ ಬರುತ್ತದೆಯೋ, ಯಾವ ತಾರೀಖಿನವರೆಗೆ. ಈ ಕೊನೆಯ ಸಾಲಿನಲ್ಲಿ ಈಸ್ಟರ್ ವಾರವನ್ನು ಹೊರಗಿಟ್ಟಿದ್ದಾರೆಯೇ ಎಂದು ನೋಡಿಯೇ ಮುಂಗಡ ಕಟ್ಟಿ.