ಒಂದೇ ಮಾಸ್, ಹತ್ತಾರು ರೆಕಾರ್ಡಿಂಗ್: ಯಾವುದನ್ನು ಕೇಳಲಿ?

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಸಂಗೀತ ರಚನೆಕಾರ ವಿಲಿಯಂ ಬರ್ಡ್ ಅವರ ನಾಲ್ಕು ದನಿಗಳ ಮಾಸ್‌ಗೆ (ಮಾಸ್ ಎಂಬ ಕ್ಯಾಥೊಲಿಕ್ ಪೂಜೆಯಲ್ಲಿ ಹಾಡಲು ಬರೆದ ಸಂಗೀತ) ಎಷ್ಟೊಂದು ರೆಕಾರ್ಡಿಂಗ್ ಸಿಗುತ್ತವೆ. ಎಲ್ಲವೂ ಇಂಪಾಗಿಯೇ ಇವೆ. ಒಳ್ಳೆಯದು ಯಾವುದು ಅಂತ ಹೇಗೆ ತಿಳಿಯಬೇಕು?

ಮೊದಲನೆಯದಾಗಿ, ಗುಂಯ್‌ಗುಡುವ ಪ್ರತಿಧ್ವನಿಗೆ ಮರುಳಾಗಬೇಡಿ. ದೊಡ್ಡ ಚರ್ಚಿನಲ್ಲಿ ಸುಮಾರಾಗಿ ಹಾಡಿದರೂ ಚೆನ್ನಾಗಿ ಕೇಳುತ್ತೆ. ಈ ಮಾಸ್ ಹುಟ್ಟಿದ್ದು ಅಂಥ ಜಾಗಕ್ಕಲ್ಲ. ಬರ್ಡ್ ಇದನ್ನು 1590ರ ದಶಕದ ಮೊದಲ ವರ್ಷಗಳಲ್ಲಿ ಅಚ್ಚು ಹಾಕಿಸಿದರು, ಅದೂ ಮುಖಪುಟವಿಲ್ಲದೆ. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಮಾಸ್ ನಡೆಸುವುದೇ ಅಪರಾಧ. ಜನ ಮನೆಗಳಲ್ಲಿ ಕದ್ದುಮುಚ್ಚಿ ಸೇರುತ್ತಿದ್ದರು. 1586ರಲ್ಲಿ ಬರ್ಡ್ ಕೂಡ ಹಾಜರಿದ್ದ ಅಂಥ ಒಂದು ಮನೆಯ ಬಗ್ಗೆ ವಿಲಿಯಂ ವೆಸ್ಟನ್ ಎಂಬ ಜೆಸ್ವಿಟ್ ಪಾದ್ರಿ ಬರೆದಿದ್ದಾರೆ. ಅಲ್ಲಿ ಹಾಡಿದವರು ಮನೆಯವರೇ, ಗಂಡಸರೂ ಹೆಂಗಸರೂ. ಹಾಗಾಗಿ ಹಾಡುವವರು ಕಡಿಮೆ ಇದ್ದರೆ ಅದು ಕೊರತೆಯಲ್ಲ.

ನಾನು ಪರೀಕ್ಷೆಗೆ ನೇರ ಕೊನೆಯ ಭಾಗಕ್ಕೆ, ಆಗ್ನುಸ್ ದೇಯಿಗೆ ಹೋಗುತ್ತೇನೆ. ಮೊದಲು ಎರಡೇ ದನಿ, ಆಮೇಲೆ ಮೂರು, ಕೊನೆಗೆ ನಾಲ್ಕೂ. ಶ್ರುತಿ ಹಿಡಿಯಲು ತಂಬೂರಿಯಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಹಾಡಬೇಕು. ಎರಡೇ ದನಿ ಇರುವಾಗ ಒಂದು ಸ್ವರ ಚೂರು ಇಳಿದರೂ ಬಯಲಾಗುತ್ತೆ.

ನಿಜವಾದ ಪರೀಕ್ಷೆ ಅದರ ಕೊನೆಯ ಸಾಲು ‘ದೋನಾ ನೋಬಿಸ್ ಪಾಚೆಮ್’ನಲ್ಲಿ. ನಮಗೆ ಶಾಂತಿ ಕೊಡು ಎಂಬ ಬೇಡಿಕೆ ಅದು. ಒಂದು ದನಿ ಹಿಡಿದ ಸ್ವರವನ್ನು ಬಿಡದೆ ನಿಲ್ಲುತ್ತೆ. ಇನ್ನೊಂದು ಅದರ ಪಕ್ಕದ ಸ್ವರಕ್ಕೆ ಬಂದು ತಿಕ್ಕುತ್ತೆ. ಆಗ ಮೊದಲನೆಯದು ಒಂದು ಸ್ವರ ಕೆಳಗಿಳಿದು ಹೊಂದಿಕೊಳ್ಳುತ್ತೆ. ಅಷ್ಟರಲ್ಲೇ ಬೇರೆ ಕಡೆ ಮತ್ತೆ ತಿಕ್ಕಾಟ. ಕದ್ದು ಪ್ರಾರ್ಥಿಸುವ ಜನ ಶಾಂತಿ ಕೇಳುತ್ತಿದ್ದಾರೆ, ಅಲ್ವಾ? ಆ ನೋವು ಚುಚ್ಚಲೇಬೇಕು. ಎಷ್ಟೋ ತಂಡಗಳು ಇಲ್ಲಿ ಸುಮ್ನೆ ನುಣ್ಣಗೆ ಜಾರಿಕೊಂಡು ಹೋಗುತ್ತವೆ. ಎಷ್ಟೇ ಇಂಪಾಗಿದ್ದರೂ ಅಂಥ ರೆಕಾರ್ಡಿಂಗ್ ನನಗೆ ಬೇಡ.

ಇನ್ನೊಂದು ಸಲ ಹೆಡ್‌ಫೋನ್ ಹಾಕಿಕೊಂಡು ಟೆನರ್ (ಮಧ್ಯದ ಗಂಡು ದನಿ) ಒಂದನ್ನೇ ಹಿಂಬಾಲಿಸಿ. ಕೊನೆಯವರೆಗೂ ಕೈತಪ್ಪದೆ ಸಿಕ್ಕರೆ ದನಿಗಳ ಸಮತೋಲ ಸರಿಯಿದೆ. ಬರೀ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ದನಿ, ಮಾತ್ರ ಕೇಳಿಸಿದರೆ ಸಮತೋಲ ಇಲ್ಲ.

ಟಾಲಿಸ್ ಸ್ಕಾಲರ್ಸ್ ಮತ್ತು ಹಿಲಿಯರ್ಡ್ ಎನ್ಸೆಂಬಲ್ ಎಂಬ ಗಾಯನ ತಂಡಗಳು, ಇಬ್ಬರೂ 1980ರ ದಶಕದಲ್ಲಿ ಇದನ್ನು ರೆಕಾರ್ಡ್ ಮಾಡಿದ್ದಾರೆ. ಮೊದಲನೆಯದರಲ್ಲಿ ಮೇಲಿನ ದನಿ ಹೆಂಗಸರದು, ಎರಡನೆಯದರಲ್ಲಿ ಎಲ್ಲರೂ ಗಂಡಸರು. ಆಗ್ನುಸ್ ದೇಯಿ ಒಂದನ್ನೇ ಎರಡರಲ್ಲೂ ಬೆನ್ನುಬೆನ್ನಿಗೆ ಕೇಳಿ ನೋಡಿ.